ಗೊಬ್ಬರದ ಚೀಲದೊಳಗಿನ ಯುದ್ಧ

(ರೈತ ಅಧ್ಯಯನ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಲೆ ಮತ್ತು ಸಾಲದ ಬಗ್ಗೆ ಮಾತಾಡಬೇಕು ಅಂತ ನನಗೆ ಹೇಳಿದ್ದಾರೆ. ನಾನು ಮಾತ್ರ ಮೊರಾಕ್ಕೊ ದೇಶದ ಬಗ್ಗೆ, ಪರ್ಷಿಯಾ ಕೊಲ್ಲಿಯ ಬಗ್ಗೆ, ದಕ್ಷಿಣ ಅಮೆರಿಕದ ಒಂದು ಮರಳುಗಾಡಿನ ಬಗ್ಗೆ ಮಾತಾಡುತ್ತೇನೆ. ಇವನಿಗೇನು ತಲೆ ಕೆಟ್ಟಿದೆಯೇ ಅಂತ ಅಂದುಕೊಳ್ಳಬೇಡಿ. ನಿಮ್ಮ ಸಾಲದ ಪುಸ್ತಕದ ಒಂದು ದೊಡ್ಡ ಬಾಬ್ತು ಆ ಊರುಗಳಲ್ಲಿ ತೀರ್ಮಾನವಾಗುತ್ತದೆ. ಅದನ್ನ ತಿಳಿಯದೆ ಸೊಸೈಟಿ ಕಾರ್ಯದರ್ಶಿಯ ಜೊತೆ, ಗೊಬ್ಬರದ ಅಂಗಡಿಯವನ ಜೊತೆ ಜಗಳ ಆಡಿದರೆ ಗಂಟಲು ನೋಯುತ್ತದೆಯೇ ಹೊರತು ಬೆಲೆ ಇಳಿಯುವುದಿಲ್ಲ.

ಮೊದಲು ಚೀಲ ಬಿಚ್ಚಿ ನೋಡೋಣ. ಐವತ್ತು ಕಿಲೋ ಡಿ.ಎ.ಪಿ. ಚೀಲದಲ್ಲಿ 9 ಕಿಲೋ ಸಾರಜನಕ, 23 ಕಿಲೋ ರಂಜಕ ಇರುತ್ತದೆ. ಸಾರಜನಕ ಬರುವುದು ಅಮೋನಿಯಾದಿಂದ, ಅಮೋನಿಯಾ ಬರುವುದು ನೈಸರ್ಗಿಕ ಗ್ಯಾಸಿನಿಂದ. ರಂಜಕ ಬರುವುದು ಶಿಲಾರಂಜಕ ಎಂಬ ಕಲ್ಲಿನಿಂದ. ಆ ಕಲ್ಲು ನಮ್ಮ ದೇಶದಲ್ಲಿ ರಾಜಸ್ಥಾನದ ಉದಯಪುರದ ಬಳಿ, ಮಧ್ಯಪ್ರದೇಶದಲ್ಲಿ ಸ್ವಲ್ಪ ಸಿಗುತ್ತದೆ. ಅದು ನಮ್ಮ ಹೊಲಗಳಿಗೆ ಯಾವ ಮೂಲೆಗೂ ಸಾಲದು. ಆದ್ದರಿಂದ ಡಿ.ಎ.ಪಿ.ಯ ದೊಡ್ಡ ಪಾಲು ಹಡಗಿನಲ್ಲೇ ಬರುತ್ತದೆ. ಇಲ್ಲಿ ತಯಾರಾಗುವುದಕ್ಕೂ ಕಲ್ಲು, ಆಮ್ಲ ಹೊರಗಿನಿಂದಲೇ ಬರಬೇಕು. ಪೊಟ್ಯಾಷ್ ಅಂತೂ ಪೂರಾ ಆಮದು. ಯೂರಿಯಾದ ಬಹುಭಾಗ ನಮ್ಮ ದೇಶದಲ್ಲೇ ಆಗುತ್ತದೆ ಅಂತ ಸಮಾಧಾನ ಪಡುತ್ತೀರಾ? ಆ ಕಾರ್ಖಾನೆಗಳು ಬಳಸುವ ಗ್ಯಾಸಿನ ಬಹುಪಾಲು ಹೊರದೇಶದ್ದು. ನಮ್ಮ ಮಂಗಳೂರಿನ ಪಣಂಬೂರು ಕಾರ್ಖಾನೆ ಮೊದಲು ನಾಫ್ತಾ ಎಣ್ಣೆಯಿಂದ ಯೂರಿಯಾ ಮಾಡುತ್ತಿತ್ತು. ಕೊಚ್ಚಿಯಿಂದ ಬರುವ ಗ್ಯಾಸ್ ಕೊಳವೆಯನ್ನು 2021ರ ಜನವರಿಯಲ್ಲಿ ಉದ್ಘಾಟಿಸಿದರು. ಕೊಚ್ಚಿಗೆ ಆ ಗ್ಯಾಸ್ ಹಡಗಿನಲ್ಲಿ ಬರುತ್ತದೆ. ಹಾಗಾಗಿ ಚೀಲದ ಮೇಲೆ ಸ್ವದೇಶಿ ಹೆಸರಿದ್ದರೂ ಒಳಗಿರುವುದು ಪರದೇಶದ ಸರಕು.

ಗೊಬ್ಬರಕ್ಕಾಗಿ ಹರಿದ ರಕ್ತ

ಗೊಬ್ಬರ ಮತ್ತು ಮದ್ದುಗುಂಡು ಒಂದೇ ತಾಯಿಯ ಮಕ್ಕಳು. ಇದು ಅಲಂಕಾರದ ಮಾತಲ್ಲ. ಹಿಂದಿನ ಶತಮಾನಕ್ಕೂ ಹಿಂದೆ ಯುರೋಪಿನ ಹೊಲಗಳಿಗೆ ಸಾರಜನಕ ಬರುತ್ತಿದ್ದುದು ದಕ್ಷಿಣ ಅಮೆರಿಕದ ಅಟಕಾಮ ಮರಳುಗಾಡಿನ ಪೆಟ್ಲುಪ್ಪಿನಿಂದ. ಅದೇ ಉಪ್ಪು ಸಿಡಿಮದ್ದಿಗೂ ಬೇಕಿತ್ತು. ಆ ಮರಳುಗಾಡಿನ ಒಂದು ಭಾಗ ಬೊಲಿವಿಯಾ ದೇಶದ್ದು. ಅಲ್ಲಿ ಪೆಟ್ಲುಪ್ಪು ತೆಗೆಯುತ್ತಿದ್ದುದು ಚಿಲಿ ಮತ್ತು ಬ್ರಿಟಿಷ್ ಬಂಡವಾಳದ ಕಂಪನಿ. 1878ರಲ್ಲಿ ಬೊಲಿವಿಯಾ ಸರ್ಕಾರ ಕ್ವಿಂಟಾಲಿಗೆ 10 ಸೆಂಟಾವೊ, ಅಂದರೆ ಚಿಲ್ಲರೆ ಕಾಸಿನ ತೆರಿಗೆ ಹಾಕಿತು. ಕಂಪನಿ ಕೊಡಲ್ಲ ಅಂದಿತು. 1879ರಲ್ಲಿ ಚಿಲಿಯ ಸೈನ್ಯ ಇಳಿಯಿತು. ಪೆರು ದೇಶವೂ ಆ ಯುದ್ಧಕ್ಕೆ ಬಿತ್ತು. ಯುದ್ಧ ಮುಗಿದಾಗ ಪೆರು ತನ್ನ ಪೆಟ್ಲುಪ್ಪಿನ ಪ್ರಾಂತ ಕಳೆದುಕೊಂಡಿತ್ತು. ಬೊಲಿವಿಯಾ ತನ್ನ ಇಡೀ ಕಡಲ ತೀರವನ್ನೇ ಕಳೆದುಕೊಂಡಿತ್ತು. ಇವತ್ತಿಗೂ ಬೊಲಿವಿಯಾಕ್ಕೆ ಸಮುದ್ರ ಇಲ್ಲ. ಗೊಬ್ಬರದ ಮೇಲೆ ಹಾಕಿದ ಒಂದು ತೆರಿಗೆಗೆ ಆ ದೇಶ ತೆತ್ತ ಬೆಲೆ ಅದು.

ಆಮೇಲೆ ಜರ್ಮನಿಯ ವಿಜ್ಞಾನಿಗಳು ಗಾಳಿಯಿಂದಲೇ ಸಾರಜನಕ ಹಿಡಿದು ಅಮೋನಿಯಾ ಮಾಡುವ ವಿದ್ಯೆ ಕಂಡುಹಿಡಿದರು. 1913ರಲ್ಲಿ ಕಾರ್ಖಾನೆ ಶುರುವಾಯಿತು, 1914ರಲ್ಲಿ ಮೊದಲ ಮಹಾಯುದ್ಧ ಬಂತು. ಬ್ರಿಟಿಷ್ ನೌಕಾಪಡೆ ಚಿಲಿಯ ಪೆಟ್ಲುಪ್ಪನ್ನ ತಡೆದಾಗ ಜರ್ಮನಿ ಇದೇ ಅಮೋನಿಯಾದಿಂದ ಸಿಡಿಮದ್ದು ಮಾಡಿಕೊಂಡು ಯುದ್ಧ ಮುಂದುವರಿಸಿತು. ನೀವು ಭತ್ತಕ್ಕೆ ಮೇಲುಗೊಬ್ಬರವಾಗಿ ಎರಚುವ ಯೂರಿಯಾ ಹುಟ್ಟುವುದು ಆ ವಿದ್ಯೆಯಿಂದಲೇ.

ಇನ್ನು ರಂಜಕದ ಕಥೆ. ಪ್ರಪಂಚದಲ್ಲಿ ಲೆಕ್ಕಕ್ಕೆ ಸಿಕ್ಕ ಶಿಲಾರಂಜಕದಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಮೊರಾಕ್ಕೊದ ಕೈಯಲ್ಲಿದೆ. ಅದನ್ನ ಮಾರುವುದು ಅಲ್ಲಿನ ಸರ್ಕಾರದ ಒಂದೇ ಸಂಸ್ಥೆ. 1973ರ ಅಕ್ಟೋಬರಿನಲ್ಲಿ ಅರಬ್–ಇಸ್ರೇಲ್ ಯುದ್ಧವಾದಾಗ ಎಣ್ಣೆ ದೇಶಗಳು ಒಂದಾಗಿ ಬೆಲೆ ಏರಿಸಿದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬೇಕು. ಪೀಪಾಯಿಗೆ 3 ಡಾಲರಿನ ಆಸುಪಾಸು ಇದ್ದ ಎಣ್ಣೆ 1974ರ ಜನವರಿಗೆ 11 ಡಾಲರ್ ದಾಟಿತು. ಅದೇ ಜನವರಿಯಲ್ಲಿ ಮೊರಾಕ್ಕೊ, ಟನ್ನಿಗೆ ಸುಮಾರು 14 ಡಾಲರ್ ಇದ್ದ ಶಿಲಾರಂಜಕವನ್ನ 42 ಡಾಲರ್ ಅಂತ ಘೋಷಿಸಿತು. ಅದೇ ವರ್ಷದ ನಡುವಿಗೆ 63 ಡಾಲರ್ ಮಾಡಿತು. ಬೇಕಿದ್ದವರು ತೆಗೆದುಕೊಳ್ಳಿ, ಬೇಡದವರು ಬಿಡಿ ಅಂದಿತು.

ಮರುವರ್ಷ 1975. ಮೊರಾಕ್ಕೊದ ದಕ್ಷಿಣಕ್ಕೆ ಪಶ್ಚಿಮ ಸಹಾರಾ ಅಂತ ಒಂದು ನಾಡು. ಅದು ಸ್ಪೇನಿನ ವಸಾಹತು. ಅಲ್ಲಿನ ಬೂ ಕ್ರಾ ಎಂಬಲ್ಲಿ ದೊಡ್ಡ ರಂಜಕದ ಗಣಿ. ಗಣಿಯಿಂದ ಕಡಲಿಗೆ ಸುಮಾರು ನೂರು ಕಿಲೋಮೀಟರ್ ಉದ್ದದ ಪಟ್ಟಿಯ ಮೇಲೆ ಕಲ್ಲು ಹರಿದು ಬರುತ್ತದೆ. ಸ್ಪೇನ್ ಗಂಟುಮೂಟೆ ಕಟ್ಟುವ ಹೊತ್ತಿಗೆ, 1975ರ ನವೆಂಬರಿನಲ್ಲಿ, ಮೊರಾಕ್ಕೊದ ದೊರೆ ಸುಮಾರು ಮೂರೂವರೆ ಲಕ್ಷ ಜನರನ್ನ ಗಡಿ ದಾಟಿಸಿದ. ಅಲ್ಲಿನ ಸಹ್ರಾವಿ ಜನ ನಮ್ಮ ನೆಲ ನಮ್ಮದು ಅಂತ ಬಂದೂಕು ಹಿಡಿದರು. ಆ ಕಲ್ಲು ಸಾಗಿಸುವ ಪಟ್ಟಿಯ ಮೇಲೇ ದಾಳಿ ಮಾಡಿದರು. ಹದಿನಾರು ವರ್ಷ ಯುದ್ಧ ನಡೆದು 1991ರಲ್ಲಿ ಕದನವಿರಾಮ ಆಯಿತು. ನೆಲ ಯಾರದು ಅಂತ ಆ ಜನರನ್ನೇ ಕೇಳುವ ಮತದಾನ ನಡೆಸುತ್ತೇವೆ ಅಂತ ವಿಶ್ವಸಂಸ್ಥೆ ಮಾತು ಕೊಟ್ಟಿತ್ತು. ಅದು ನಡೆಯಲೇ ಇಲ್ಲ. ಭಾರತ 1985ರಲ್ಲಿ ಸಹ್ರಾವಿ ಗಣರಾಜ್ಯಕ್ಕೆ ಮಾನ್ಯತೆ ಕೊಟ್ಟು 2000ದಲ್ಲಿ ವಾಪಸು ಪಡೆಯಿತು. ಇದನ್ನ ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮ ಹಾಗೆಯೇ ನೆಲವನ್ನ ನಂಬಿದ್ದ ಒಂದು ಜನಾಂಗ ಅಲ್ಜೀರಿಯಾದ ಮರಳಿನ ಮೇಲೆ ಗುಡಾರಗಳಲ್ಲಿ ಐವತ್ತು ವರ್ಷ ಕಳೆದಿದೆ. ರಂಜಕದ ಲೆಕ್ಕ ಬರೆಯುವಾಗ ಅವರ ಲೆಕ್ಕವನ್ನೂ ಬರೆಯಬೇಕು.

ಹಾವೇರಿಗೆ ಬಂದ ಗುಂಡು

ಇದೆಲ್ಲಾ ದೂರದ ಮಾತು ಅನ್ನುತ್ತೀರಾ? ಹಾಗಾದರೆ 2008ಕ್ಕೆ ಬನ್ನಿ. 2007ರ ಆರಂಭದಲ್ಲಿ ಟನ್ನಿಗೆ 50 ಡಾಲರಿನ ಒಳಗೆ ಇದ್ದ ಶಿಲಾರಂಜಕ 2008ರಲ್ಲಿ 400 ಡಾಲರ್ ದಾಟಿತು. ಡಿ.ಎ.ಪಿ. ಟನ್ನಿಗೆ 1,000 ಡಾಲರ್ ದಾಟಿತು. ಏಪ್ರಿಲ್‌ನಲ್ಲಿ ಚೀನಾ ತನ್ನ ರೈತರಿಗೆ ಗೊಬ್ಬರ ಉಳಿಯಲಿ ಅಂತ ರಫ್ತಿನ ಮೇಲೆ ನೂರಕ್ಕೆ ನೂರಕ್ಕಿಂತಲೂ ಹೆಚ್ಚು ಸುಂಕ ಹಾಕಿ ಬಾಗಿಲು ಎಳೆದುಕೊಂಡಿತು. ಆಗ ನಮ್ಮಲ್ಲಿ ಡಿ.ಎ.ಪಿ. ಬೆಲೆ ಸರ್ಕಾರ ಗೊತ್ತುಮಾಡಿದ್ದು, ಚೀಲಕ್ಕೆ 467 ರೂಪಾಯಿ ಚಿಲ್ಲರೆ. ಬೆಲೆ ಏರಲಿಲ್ಲ, ನಿಜ. ಆದರೆ ಚೀಲವೇ ಬರಲಿಲ್ಲ. ಮುಂಗಾರು ಬಿದ್ದಿತ್ತು, ನೆಲ ಹದವಾಗಿತ್ತು, ರೈತರು ಸರದಿಯಲ್ಲಿ ನಿಂತಿದ್ದರು. ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ಪ್ರಾಣ ತೆತ್ತರು. ಗುಂಡು ಹಾರಿಸಿದ ಕೈ ನಮ್ಮ ಸರ್ಕಾರದ್ದು. ಅದರ ಹೊಣೆಯಿಂದ ಸರ್ಕಾರ ಪಾರಾಗಲಾರದು. ಆದರೆ ಅವತ್ತು ಸರದಿ ಅಷ್ಟು ಉದ್ದ ಬೆಳೆದದ್ದರ ಹಿಂದೆ ಲೋಕದ ಪೇಟೆಯೂ ಇತ್ತು. ಅದನ್ನ ಮೊದಲೇ ನೋಡಿ ಗೋದಾಮು ತುಂಬಿಸಿಕೊಳ್ಳದ ಆಡಳಿತವೂ ಇತ್ತು.

ಎರಡು ವರ್ಷ ಕಳೆದು 2010ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರ ಹೊಸ ಪದ್ಧತಿ ತಂದಿತು. ಯೂರಿಯಾ ಬಿಟ್ಟು ಉಳಿದ ಗೊಬ್ಬರಗಳಿಗೆ ಪೋಷಕಾಂಶದ ಲೆಕ್ಕದಲ್ಲಿ ಇಂತಿಷ್ಟು ಸಬ್ಸಿಡಿ, ಮಿಕ್ಕ ಬೆಲೆಯನ್ನ ಕಂಪನಿಯೇ ಇಟ್ಟುಕೊಳ್ಳಲಿ ಅಂತ. 2012ರ ಹೊತ್ತಿಗೆ ಡಿ.ಎ.ಪಿ. ಚೀಲ 1,200 ರೂಪಾಯಿ ಆಸುಪಾಸಿಗೆ ಹೋಯಿತು. 223 ರೂಪಾಯಿಯ ಪೊಟ್ಯಾಷ್ ಚೀಲ 800 ರೂಪಾಯಿ ಮುಟ್ಟಿತು. ಬೆಲೆ ಹಿಡಿದರೆ ಚೀಲ ಇಲ್ಲ, ಚೀಲ ಬೇಕಾದರೆ ಬೆಲೆ ಹಿಡಿಯಲ್ಲ. ಈ ಎರಡರ ನಡುವೆ ನಮ್ಮನ್ನ ನಿಲ್ಲಿಸಿದರು.

2021–22ರಲ್ಲಿ ಮತ್ತೆ ಅದೇ ಆಟ. ಚೀನಾ 2021ರ ಅಕ್ಟೋಬರಿನಲ್ಲಿ ತಪಾಸಣೆಯ ನೆಪದಲ್ಲಿ ಗೊಬ್ಬರದ ರಫ್ತಿಗೆ ಕಡಿವಾಣ ಹಾಕಿತು. ಪ್ರಪಂಚದ ಪೊಟ್ಯಾಷಿನಲ್ಲಿ ಸುಮಾರು ಮೂರನೇ ಎರಡು ಪಾಲನ್ನ ಕೆನಡಾ, ರಷ್ಯಾ, ಬೆಲಾರೂಸ್ ಮೂರೇ ದೇಶ ತೆಗೆಯುತ್ತಿದ್ದವು. ಬೆಲಾರೂಸಿನ ಚುನಾವಣಾ ಅಕ್ರಮದ ಮೇಲೆ ಅಮೆರಿಕ, ಯುರೋಪು ದಿಗ್ಬಂಧನ ಹಾಕಿದವು. 2022ರ ಫೆಬ್ರವರಿಯಿಂದ ಪಕ್ಕದ ಲಿಥುವೇನಿಯಾ ಆ ಪೊಟ್ಯಾಷ್ ತನ್ನ ಬಂದರಿಗೆ ಹೋಗದಂತೆ ರೈಲು ನಿಲ್ಲಿಸಿತು. ಅದೇ ತಿಂಗಳ 24ರಂದು ರಷ್ಯಾ ಉಕ್ರೇನಿನ ಮೇಲೆ ಬಿತ್ತು. ಪರಿಣಾಮ? 2022ರಲ್ಲಿ ನಮ್ಮ ಪೊಟ್ಯಾಷ್ ಚೀಲ 1,700 ರೂಪಾಯಿ. ಅಡಿಕೆ, ಬಾಳೆ, ಕಬ್ಬು ಬೆಳೆಯುವವರಿಗೆ ಇದರ ಏಟು ಎಷ್ಟು ಅಂತ ನಾನು ಹೇಳಬೇಕಾಗಿಲ್ಲ.

ಇನ್ನು ಕೊಲ್ಲಿಯ ಮಾತು. ಹೊರ್ಮುಜ್ ಜಲಸಂಧಿ ಇಕ್ಕಟ್ಟಾದ ಕಡೆ ನಲವತ್ತು ಕಿಲೋಮೀಟರಿಗಿಂತ ಕಡಿಮೆ ಅಗಲ. 2024ರಲ್ಲಿ ಪ್ರಪಂಚದಲ್ಲಿ ಹಡಗಿನ ಮೇಲೆ ಸಾಗಿದ ದ್ರವ ಗ್ಯಾಸಿನಲ್ಲಿ ಸುಮಾರು ಐದನೇ ಒಂದು ಪಾಲು ಆ ಕಿಂಡಿಯಲ್ಲೇ ದಾಟಿತು. 2025ರ ಜೂನಿನಲ್ಲಿ ಇಸ್ರೇಲ್–ಇರಾನ್ ಹನ್ನೆರಡು ದಿನ ಹೊಡೆದಾಡಿದವು. ಇರಾನಿನ ಯೂರಿಯಾ ಕಾರ್ಖಾನೆಗಳು ನಿಂತವು. ಇಸ್ರೇಲಿನ ಗ್ಯಾಸ್ ನಂಬಿದ್ದ ಈಜಿಪ್ಟಿನ ಕಾರ್ಖಾನೆಗಳೂ ನಿಂತವು. ಲೋಕದ ಪೇಟೆಯಲ್ಲಿ ಯೂರಿಯಾ ಬೆಲೆ ಎದ್ದಿತು. ಜುಲೈನಲ್ಲಿ ಕೊಪ್ಪಳ ಮೊದಲಾದ ಕಡೆ ನಮ್ಮ ರೈತರು ಯೂರಿಯಾಕ್ಕಾಗಿ ಸರದಿ ನಿಂತರು. ರಾಜ್ಯ ಸರ್ಕಾರ ಕೇಂದ್ರದತ್ತ ಬೆರಳು ತೋರಿಸಿತು, ಕೇಂದ್ರ ರಾಜ್ಯದತ್ತ ತೋರಿಸಿತು. ಮುಸುಕಿನ ಜೋಳದ ಬಿತ್ತನೆ ಹೆಚ್ಚಿತ್ತು, ಮಳೆ ಬೇಗ ಬಂದಿತ್ತು, ಎಲ್ಲಾ ಸರಿ. ಆದರೆ ಹತ್ತು ದಿನದ ಯುದ್ಧಕ್ಕೆ ಅಲ್ಲಾಡುವ ದಾಸ್ತಾನು ಇಟ್ಟುಕೊಂಡು ದೇಶದ ಆಹಾರ ಭದ್ರತೆ ಅಂತ ಭಾಷಣ ಮಾಡುವವರಿಗೆ ಏನು ಹೇಳೋಣ?

ಎರಡು ಬಾಗಿಲು

ಇಷ್ಟು ಕೇಳಿದ ಮೇಲೆ ನೀವೇ ಒಂದು ಮಾತು ಗಮನಿಸಿರಬೇಕು. ಮೊರಾಕ್ಕೊ ಬೆಲೆ ಹೇಳಿತು, ಲೋಕ ಕೊಟ್ಟಿತು. ಎಣ್ಣೆ ದೇಶಗಳು ಬೆಲೆ ಹೇಳಿದವು, ಲೋಕ ಕೊಟ್ಟಿತು. ಅವರಿಗೆ ಮೂರು ಬಲ ಇದ್ದವು. ಮಾರುವವರು ಕೆಲವೇ ಜನ, ಅವರೊಳಗೆ ಮಾತುಕತೆ ಇತ್ತು. ಸರಕನ್ನ ತಡೆದು ಇಟ್ಟುಕೊಳ್ಳುವ ತಾಕತ್ತಿತ್ತು; ಕಲ್ಲು ನೆಲದೊಳಗೆ ಕೊಳೆಯುವುದಿಲ್ಲ. ಮೂರನೆಯದು, ಅವರ ಬೆನ್ನಿಗೆ ಅವರ ಸರ್ಕಾರ ನಿಂತಿತ್ತು. ಈಗ ನಿಮ್ಮ ಕಡೆ ನೋಡಿ. ಮಾರುವವರು ಕೋಟಿಗಟ್ಟಲೆ, ಒಬ್ಬರಿಗೊಬ್ಬರು ಮಾತಿಲ್ಲ. ತಡೆದು ಇಡೋಣ ಅಂದರೆ ಸೊಸೈಟಿ ಸಾಲದ ಗಡುವು, ಅಂಗಡಿಯ ಉದ್ದರಿ, ಮಗಳ ಮದುವೆ. ಸರ್ಕಾರ ಬೆನ್ನಿಗೆ ನಿಂತಿದೆಯೇ? ನಿಂತಿದೆ, ಆದರೆ ಕೊಳ್ಳುವವನ ಬೆನ್ನಿಗೆ.

ಸಾಕ್ಷಿ ಬೇಕೆ? ಉಕ್ರೇನ್ ಯುದ್ಧದಿಂದ ಗೊಬ್ಬರದ ಬೆಲೆ ಏರಿದಂತೆ ಗೋಧಿಯ ಬೆಲೆಯೂ ಏರಿತು. ಬೆಂಬಲ ಬೆಲೆ 2,015 ರೂಪಾಯಿಗಿಂತ ಹೆಚ್ಚು ಕೊಟ್ಟು ವ್ಯಾಪಾರಿಗಳು ಉತ್ತರದ ರೈತರ ಮನೆ ಬಾಗಿಲಿಗೆ ಬಂದರು. 2022ರ ಮೇ 13ರಂದು ಗೋಧಿ ರಫ್ತು ಬಂದ್. 2023ರ ಜುಲೈ 20ರಂದು ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ಬಂದ್. ಅದು ತೆರೆದದ್ದು 2024ರ ಸೆಪ್ಟೆಂಬರಿನಲ್ಲಿ. 2023ರ ಡಿಸೆಂಬರಿನಲ್ಲಿ ಈರುಳ್ಳಿ ರಫ್ತು ಬಂದ್. ತೊಗರಿಯದು ಇನ್ನೊಂದು ಬಗೆ. 2021ರ ಮೇ ತಿಂಗಳಿಂದ ತೊಗರಿ ಆಮದಿಗೆ ಬಾಗಿಲು ಹಾರುಹೊಡೆದು ಇಟ್ಟರು. ಮೊಜಾಂಬಿಕ್, ಮ್ಯಾನ್ಮಾರ್ ಕಡೆಯಿಂದ ಬಂದು ಬಿತ್ತು. 2025ರ ಆರಂಭದಲ್ಲಿ ಕಲಬುರಗಿ ಕಡೆಯ ರೈತ ಹೊಸ ತೊಗರಿ ತಂದಾಗ ಪೇಟೆಯ ಬೆಲೆ 7,550 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಜಾರಿತು. ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ ಕಣ್ಣೀರು ಒರೆಸಬೇಕಾಯಿತು.

ಅಂದರೆ ನಮ್ಮ ಮನೆಗೆ ಎರಡು ಬಾಗಿಲು. ಲೋಕದ ಬೆಲೆ ಏರಿ ನಮ್ಮ ಖರ್ಚು ಹೆಚ್ಚಾಗುವಾಗ ತೆರೆದಿರುವ ಬಾಗಿಲು ಒಂದು. ಲೋಕದ ಬೆಲೆ ಏರಿ ನಮ್ಮ ಆದಾಯ ಹೆಚ್ಚಾಗುವ ಹೊತ್ತಿಗೆ ಮುಚ್ಚಿಕೊಳ್ಳುವ ಬಾಗಿಲು ಇನ್ನೊಂದು. ಎರಡಕ್ಕೂ ದೇಶದ ಹಿತ ಅಂತಲೇ ಹೆಸರು. ಸಾಲ ಹುಟ್ಟುವುದು ಈ ಎರಡು ಬಾಗಿಲ ನಡುವಿನ ಹಜಾರದಲ್ಲಿ. ರೈತ ದುಂದುಗಾರ, ಕುಡಿದು ಹಾಳು ಮಾಡಿದ, ಮದುವೆಗೆ ಸುರಿದ ಅಂತ ಹೇಳುವ ಬ್ಯಾಂಕಿನ ಪಂಡಿತರಿಗೆ ಈ ಹಜಾರ ತೋರಿಸಿ.

ನಗರದ ಬಡವನಿಗೆ ಅಗ್ಗದ ಅಕ್ಕಿ ಬೇಡ ಅಂತ ನಾವು ಹೇಳುತ್ತಿಲ್ಲ. ನಮ್ಮ ಊರಿನ ಕೂಲಿಯವನೂ ಅಕ್ಕಿ ಕೊಂಡೇ ತಿನ್ನುತ್ತಾನೆ. ಅಗ್ಗದ ಅಕ್ಕಿ ಕೊಡಲಿ. ಅದರ ಖರ್ಚನ್ನ ಖಜಾನೆ ಹೊರಲಿ, ಬೆಳೆದವನ ಬೆನ್ನಿನ ಮೇಲೆ ಹೊರಿಸಬಾರದು.

ಸಬ್ಸಿಡಿ ಯಾರದು?

ಸರ್ಕಾರ ಗೊಬ್ಬರಕ್ಕೆ ಲಕ್ಷ ಕೋಟಿ ಕೊಡುತ್ತಿಲ್ಲವೇ ಅಂತ ಕೇಳುತ್ತಾರೆ. ಕೊಡುತ್ತಿದೆ. 2022ರ ಮುಂಗಾರಿಗೆ ಡಿ.ಎ.ಪಿ. ಚೀಲಕ್ಕೆ ರೈತ ಕೊಟ್ಟದ್ದು 1,350 ರೂಪಾಯಿ, ಸರ್ಕಾರ ಕೊಟ್ಟದ್ದು 2,501 ರೂಪಾಯಿ. 2022–23ರಲ್ಲಿ ಒಟ್ಟು ಗೊಬ್ಬರ ಸಬ್ಸಿಡಿ ಸುಮಾರು ಎರಡೂವರೆ ಲಕ್ಷ ಕೋಟಿ. ಆ ಹಣ ಇಲ್ಲದಿದ್ದರೆ ಆ ವರ್ಷ ಬಿತ್ತನೆಯೇ ಆಗುತ್ತಿರಲಿಲ್ಲ, ಅದನ್ನ ಒಪ್ಪಿಕೊಳ್ಳೋಣ. ಆದರೆ ಆ ಹಣದ ಜಾಡು ಹಿಡಿದು ಹೋಗಿ ನೋಡಿ. ಅದು ನಿಮ್ಮ ಹೆಸರಿನಲ್ಲಿ ಹೊರಟು, ಕಂಪನಿಯ ಖಾತೆ ದಾಟಿ, ಅದರ ದೊಡ್ಡ ಪಾಲು ಗಣಿ ಮತ್ತು ಗ್ಯಾಸ್ ಇರುವ ದೇಶಗಳನ್ನ ಸೇರುತ್ತದೆ. ನಿಮ್ಮ ಕೈಗೆ ಬಂದದ್ದು ಹಿಂದಿನ ವರ್ಷದ ಬೆಲೆಯ ಆಸುಪಾಸಿನ ಚೀಲ ಅಷ್ಟೇ. ಲೋಕದ ಪೇಟೆ ಏರಿದಾಗ ಸಬ್ಸಿಡಿಯ ಅಂಕಿ ಉಬ್ಬುತ್ತದೆ, ನಿಮ್ಮ ಆದಾಯ ಒಂದು ಕಾಸೂ ಉಬ್ಬುವುದಿಲ್ಲ. ಆದರೂ ಪತ್ರಿಕೆಯಲ್ಲಿ ಬರೆಯುತ್ತಾರೆ, ರೈತರಿಗೆ ಎರಡೂವರೆ ಲಕ್ಷ ಕೋಟಿ ಅಂತ.

ಈ ಸಬ್ಸಿಡಿಯಿಂದ ಇನ್ನೊಂದು ಕೆಡುಕೂ ಆಗಿದೆ. ಯೂರಿಯಾ ಚೀಲ 270 ರೂಪಾಯಿಯೊಳಗೆ, ಡಿ.ಎ.ಪಿ. 1,350. ಕೈಯಲ್ಲಿ ಕಾಸಿಲ್ಲದವನು ಯಾವುದನ್ನ ಹಾಕುತ್ತಾನೆ? ಯೂರಿಯಾ ಸುರಿಯುತ್ತಾನೆ. ಬೆಳೆ ಕಡುಹಸಿರಾಗಿ ಕಣ್ಣಿಗೆ ಚೆಂದ ಕಾಣುತ್ತದೆ, ಹುಳ ಹತ್ತುತ್ತದೆ, ಔಷಧಿ ಅಂಗಡಿಯವನ ಉದ್ದರಿ ಬೆಳೆಯುತ್ತದೆ. ಭೂಮಿಯ ಬಾಯಿ ಕೆಡುತ್ತದೆ.

ಹಾಗಂತ ನಾಳೆಯಿಂದ ಗೊಬ್ಬರವೇ ಬೇಡ ಅನ್ನುವ ಉಪದೇಶಕರ ಮಾತಿಗೂ ಮರುಳಾಗಬೇಡಿ. ಶ್ರೀಲಂಕಾದಲ್ಲಿ 2021ರಲ್ಲಿ ಸರ್ಕಾರ ರಸಗೊಬ್ಬರದ ಆಮದನ್ನ ಒಂದೇ ಏಟಿಗೆ ನಿಲ್ಲಿಸಿತು. ಭೂಮಿ ಮೇಲಿನ ಪ್ರೀತಿ ಒಂದು ಕಾರಣ ಅಂದರು. ಕೈಯಲ್ಲಿ ಡಾಲರ್ ಇರಲಿಲ್ಲ ಅನ್ನುವುದೂ ಕಾರಣ. ಭತ್ತದ ಇಳುವರಿ ಬಿದ್ದಿತು, ಚಹಾ ಬಿದ್ದಿತು. ವರ್ಷ ಮುಗಿಯುವ ಮೊದಲೇ ಆ ಆಜ್ಞೆ ವಾಪಸು ಪಡೆದರು. 2022ರ ಜುಲೈನಲ್ಲಿ ಅಧ್ಯಕ್ಷನೇ ದೇಶ ಬಿಟ್ಟು ಓಡಿದ. ಮಣ್ಣಿಗೆ ಒಂದು ಅಭ್ಯಾಸ ಮಾಡಿಸಿದ ಮೇಲೆ ಬಿಡಿಸುವುದಕ್ಕೂ ವರ್ಷಗಳು ಬೇಕು.

ನಾವು ಏನು ಮಾಡಬೇಕು

ಮೊರಾಕ್ಕೊದ ಗಣಿ ನಮ್ಮ ಕೈಗೆ ಬರುವುದಿಲ್ಲ, ಹೊರ್ಮುಜಿನ ಯುದ್ಧವನ್ನ ನಾವು ನಿಲ್ಲಿಸಲಾರೆವು. ನಮ್ಮ ಕೈಯಲ್ಲಿ ಇರುವುದನ್ನ ಮಾಡೋಣ.

ಮೊದಲನೆಯದು, ಹೊಲದಲ್ಲಿ ಕೊಳ್ಳುವ ಚೀಲ ಕಡಿಮೆ ಮಾಡುವುದು. ನೀವು ವರ್ಷಗಟ್ಟಲೆ ಹಾಕಿದ ರಂಜಕದಲ್ಲಿ ಬಹಳಷ್ಟು ಬೆಳೆಗೆ ಸಿಗದೆ ಮಣ್ಣಿನಲ್ಲೇ ಕಚ್ಚಿಕೊಂಡು ಕೂತಿದೆ. ಮಣ್ಣು ಪರೀಕ್ಷೆ ಮಾಡಿಸಿ; ರಂಜಕ ಸಾಕಷ್ಟಿರುವ ಹೊಲಕ್ಕೆ ಅಭ್ಯಾಸಬಲದಿಂದ ಡಿ.ಎ.ಪಿ. ಸುರಿಯಬೇಡಿ. ರಂಜಕ ಕರಗಿಸುವ ಜೀವಾಣು ಗೊಬ್ಬರ ಬಳಸಿ ನೋಡಿ. ಸೆಣಬು, ಡಯಾಂಚ, ಹೊಂಗೆ ಸೊಪ್ಪು, ಕೆರೆಗೋಡು, ಸಾಲಿನ ನಡುವೆ ಅಲಸಂದೆ, ಇವು ನಿಮ್ಮ ಅಜ್ಜನಿಗೆ ಗೊತ್ತಿದ್ದವು. ಒಂದೇ ವರ್ಷದಲ್ಲಿ ಪೂರ್ತಿ ಬದಲಾಯಿಸಬೇಡಿ. ನಾಲ್ಕು ಚೀಲದ ಜಾಗದಲ್ಲಿ ಮೂರು ಹಾಕಿ ಒಂದು ಎಕರೆಯಲ್ಲಿ ಪರೀಕ್ಷೆ ಮಾಡಿ, ಇಳುವರಿ ತೂಗಿ ನೋಡಿ, ಆಮೇಲೆ ಮುಂದೆ ಹೋಗಿ. ಸೊಪ್ಪು ಹಾಕಿ ಉಳಿಸಿದ ಒಂದು ಚೀಲದಷ್ಟು ಮಟ್ಟಿಗೆ ಚೀನಾದ ಸುಂಕವೂ ಕೊಲ್ಲಿಯ ಯುದ್ಧವೂ ನಿಮ್ಮನ್ನ ಮುಟ್ಟುವುದಿಲ್ಲ.

ಎರಡನೆಯದು, ದಾಸ್ತಾನಿನ ಲೆಕ್ಕ. ಜೂನಿನಲ್ಲಿ ಸರದಿ ನಿಂತು ಪ್ರಯೋಜನವಿಲ್ಲ. ಫೆಬ್ರವರಿ, ಮಾರ್ಚಿನಲ್ಲೇ ತಾಲ್ಲೂಕು ಕೃಷಿ ಕಚೇರಿಗೆ ಹೋಗಿ, ನಮ್ಮ ತಾಲ್ಲೂಕಿಗೆ ಎಷ್ಟು ಬೇಕು, ಎಷ್ಟು ಬಂದಿದೆ, ಎಲ್ಲಿದೆ ಅಂತ ಬರಹದಲ್ಲಿ ಕೇಳಿ. ಅಂಗಡಿಯಲ್ಲಿ ದಾಸ್ತಾನಿನ ಫಲಕ ಇದೆಯೋ ಇಲ್ಲವೋ ನೋಡಿ. ಬಿಲ್ಲಿಲ್ಲದೆ ಚೀಲ ಎತ್ತಬೇಡಿ. ಯೂರಿಯಾ ಜೊತೆ ಬೇಡದ ಡಬ್ಬಿ ಕಟ್ಟಲು ಬಂದರೆ ಒಬ್ಬನೇ ಜಗಳ ಮಾಡದೆ ಊರಿನವರೆಲ್ಲಾ ಸೇರಿ ದೂರು ಕೊಡಿ.

ಮೂರನೆಯದು, ಬೇಡಿಕೆ. ಗೊಬ್ಬರದ ಬೆಲೆ ಲೋಕದ ಪೇಟೆ ಹಿಡಿದು ಏರುವುದಾದರೆ ನಮ್ಮ ಬೆಂಬಲ ಬೆಲೆಯೂ ಆ ಏರಿಕೆಯನ್ನ ಸೇರಿಸಿಕೊಂಡು ವೈಜ್ಞಾನಿಕವಾಗಿ ಏರಬೇಕು. ಘೋಷಣೆಯಾದ ಬೆಲೆಗೆ ಕೊಳ್ಳುವ ಕೇಂದ್ರ ಕೊಯ್ಲಿಗೆ ಮೊದಲೇ ತೆರೆಯಬೇಕು. ರಫ್ತು ನಿಲ್ಲಿಸುವುದಾದರೆ ಅದರಿಂದ ಕ್ವಿಂಟಾಲಿಗೆ ಎಷ್ಟು ಬೆಲೆ ಬಿದ್ದಿತೋ ಅಷ್ಟನ್ನ ಬೆಳೆದವನಿಗೆ ಕೊಟ್ಟು ನಿಲ್ಲಿಸಲಿ. ಬಿತ್ತನೆ ಆದ ಮೇಲೆ ರಫ್ತು–ಆಮದಿನ ನೀತಿ ಬದಲಾಯಿಸುವ ಚಾಳಿ ಬಿಡಲಿ. ಗೊಬ್ಬರ ಸಿಗದೆ ಬಿತ್ತನೆ ತಪ್ಪಿದ ವರ್ಷ ಬೆಳೆಸಾಲದ ಗಡುವು ತಾನಾಗಿ ಮುಂದೆ ಹೋಗಬೇಕು. ಆ ತಪ್ಪು ರೈತನದಲ್ಲ, ಅದರ ಬಡ್ಡಿಯೂ ರೈತನದಾಗಬಾರದು.

ಕೊನೆಗೆ ಒಂದು ಮಾತು. ಎಣ್ಣೆ ದೇಶಗಳಲ್ಲಿ ಐದು 1960ರ ಸೆಪ್ಟೆಂಬರಿನಲ್ಲಿ ಬಾಗ್ದಾದಿನಲ್ಲಿ ಕೂತು ಸಂಘ ಕಟ್ಟಿದಾಗ ದೊಡ್ಡ ಕಂಪನಿಗಳು ಅದನ್ನ ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ. ಬೆಲೆ ಹೇಳುವ ಶಕ್ತಿ ಬರುವುದಕ್ಕೆ ಹದಿಮೂರು ವರ್ಷ ಹಿಡಿಯಿತು. ಅವರ ಹತ್ತಿರ ಎಣ್ಣೆ ಮೊದಲೂ ಇತ್ತು. ಒಟ್ಟಿಗೆ ಕೂತ ಮೇಲೆ ಅದಕ್ಕೆ ಬೆಲೆ ಬಂತು. ನಿಮ್ಮ ಹತ್ತಿರ ಇರುವುದು ಅದಕ್ಕಿಂತ ದೊಡ್ಡ ವಸ್ತು, ಅನ್ನ. ಅದನ್ನ ಒಬ್ಬೊಬ್ಬರೇ ಹೊತ್ತುಕೊಂಡು ಹೋಗಿ ದಲ್ಲಾಳಿಯ ಮುಂದೆ ಸುರಿಯುವ ತನಕ ಅದರ ಬೆಲೆಯನ್ನ ಬೇರೆಯವರೇ ಹೇಳುತ್ತಾರೆ. ಬರುವ ಮುಂಗಾರಿಗೆ ಮೊದಲು ನಿಮ್ಮ ಊರಿನಲ್ಲಿ ಹತ್ತು ಜನ ಕೂತು ಈ ವರ್ಷದ ಗೊಬ್ಬರದ ಲೆಕ್ಕ, ಸಾಲದ ಲೆಕ್ಕ, ಮಾರಿದ ಬೆಲೆಯ ಲೆಕ್ಕ ಒಂದೇ ಹಾಳೆಯ ಮೇಲೆ ಬರೆಯಿರಿ. ಕೆಲಸ ಅಲ್ಲಿಂದ ಶುರುವಾಗಲಿ.